ಸಮುದ್ರ ಕಾಣುವ ಅಡುಗೆಮನೆ, ಮೀನಿಗೆ ಮಾತ್ರ ಪ್ರವೇಶವಿಲ್ಲ

ಇಂದಿರಾನಗರದ ನೂರಡಿ ರಸ್ತೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಅಲ್ಲಿ ಅಂಜಲ್ ಫ್ರೈ ಸಿಗುತ್ತದೆ, ಕಾಣೆ ರವಾ ಫ್ರೈ ಸಿಗುತ್ತದೆ, ಸಿಗಡಿ ಘೀ ರೋಸ್ಟ್ ಸಿಗುತ್ತದೆ. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಐಸಿನ ಮೇಲೆ ಮಲಗಿಸಿದ ಬಂಗುಡೆ, ಮಾಂಜಿ, ಭೂತಾಯಿ ಸಾಲು ಸಾಲಾಗಿ ಕಾಣುತ್ತವೆ. ದಂಡು ಪ್ರದೇಶದ ಜನ ತಲೆಮಾರುಗಳಿಂದ ಅಲ್ಲೇ ಮೀನು ಕೊಂಡು ತಿಂದಿದ್ದಾರೆ.

ಈಗ ಅದೇ ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಕರಾವಳಿಗೆ ಹೋಗಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಂದನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿಯಿರಿ. ಕಿಟಕಿ ತೆರೆದರೆ ಸಮುದ್ರ. ಗ್ಯಾಸ್ ಒಲೆ ಇದೆ, ಮಿಕ್ಸಿ ಇದೆ, ಫ್ರಿಜ್ಜು ಇದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿಯೂ ಇದೆ: ಮೀನು, ಮಾಂಸ ಬೇಯಿಸುವಂತಿಲ್ಲ.

ಎಲ್ಲ ಕಡೆ ಹೀಗಿದೆ ಎಂದು ನಾವು ಹೇಳುತ್ತಿಲ್ಲ. ಹೀಗಿರುವ ಜಾಗಗಳು ಕಣ್ಣಿಗೆ ಬೀಳುವಷ್ಟಿವೆ, ಮತ್ತು ಅದನ್ನು ಯಾರೂ ಪ್ರಶ್ನಿಸುತ್ತಿಲ್ಲ ಎನ್ನುವುದು ನಮ್ಮ ತಕರಾರು. ಸಮುದ್ರವನ್ನು ತೋರಿಸಿ ಬಾಡಿಗೆ ವಸೂಲಿ ಮಾಡುವವರು ಆ ಸಮುದ್ರ ಕೊಡುವ ಊಟವನ್ನು ಒಲೆಯ ಹತ್ತಿರ ಬಿಡುವುದಿಲ್ಲ ಎಂದರೆ ಅದು ಬರೀ ಮನೆಮಾಲೀಕರ ಇಷ್ಟದ ವಿಷಯವಾಗಿ ಉಳಿಯುವುದಿಲ್ಲ. ಅದರಿಂದ ಒಬ್ಬ ಹೆಣ್ಣುಮಗಳ ಬುಟ್ಟಿ ಭಾರವಾಗಿಯೇ ಮನೆಗೆ ವಾಪಸು ಹೋಗುತ್ತದೆ. ಆ ಲೆಕ್ಕಕ್ಕೆ ಆಮೇಲೆ ಬರೋಣ.

ಒಲೆ ಕಟ್ಟಿಕೊಂಡು ಹೋಗುವುದು ನಮ್ಮ ಹಳೇ ರೂಢಿ

ಅಡುಗೆಮನೆ ಇರುವ ಅಪಾರ್ಟ್‌ಮೆಂಟಿನಲ್ಲಿ ಉಳಿದು ತಾವೇ ಬೇಯಿಸಿಕೊಂಡು ತಿನ್ನುವುದನ್ನು ಈಗ ಹೊಸ ಫ್ಯಾಷನ್ ಎಂಬಂತೆ ಹೇಳುತ್ತಾರೆ. ನಮ್ಮ ಹಳ್ಳಿಗಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಟೆಂಪೋ ಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ ಎಂದು ಹೊರಟವರು ಅಕ್ಕಿ ಮೂಟೆ, ಸ್ಟೌ, ದೊಡ್ಡ ಪಾತ್ರೆ, ಸೌಟು ಎಲ್ಲ ಹೇರಿಕೊಂಡೇ ಹೊರಡುತ್ತಿದ್ದರು. ನೀರು ಸಿಕ್ಕ ಕಡೆ ಗಾಡಿ ನಿಲ್ಲಿಸಿ ಮರದ ಕೆಳಗೆ ಚಿತ್ರಾನ್ನ ಕಲಸುತ್ತಿದ್ದರು. ಜಾತ್ರೆಗೆ ಹೋದರೆ ಗಾಡಿ ಬಿಚ್ಚಿದ ಜಾಗದಲ್ಲೇ ಮೂರು ಕಲ್ಲಿಟ್ಟು ಒಲೆ. ಹೋಟೆಲಿಗೆ ಕೊಡಲು ದುಡ್ಡಿರಲಿಲ್ಲ ಎನ್ನುವುದು ಒಂದು ಕಾರಣ. ಬಾಯಿಗೆ ಒಗ್ಗಿದ ಊಟ ಬೇಕು ಎನ್ನುವುದು ಇನ್ನೊಂದು ಕಾರಣ.

ನಮ್ಮ ಬಳಗದ ಲೆಕ್ಕವೂ ಅಷ್ಟೇ. ನಾವು ಕೆ.ಆರ್. ಪುರ, ಹಲಸೂರಿನ ಬಾಡಿಗೆ ಕೋಣೆಗಳಲ್ಲಿ ಇರುವವರು. ಕೆಲವರು ರಾತ್ರಿ ಪಾಳಿಯಲ್ಲಿ ಸುದ್ದಿ ತಿದ್ದುತ್ತೇವೆ, ಕೆಲವರು ವಿಡಿಯೋ ಕತ್ತರಿಸುತ್ತೇವೆ. ಊರುಗಳು ರಾಯಚೂರು, ಮಂಡ್ಯ, ಹಾವೇರಿ, ಕೋಲಾರದ ಕಡೆಯವು. ನಮ್ಮಂಥವರು ವರ್ಷಕ್ಕೊಮ್ಮೆ ಸಮುದ್ರ ನೋಡಬೇಕೆಂದರೆ ದಾರಿ ಇದೊಂದೇ. ಹಲವರು ಸೇರಿ ಒಂದು ಅಪಾರ್ಟ್‌ಮೆಂಟ್ ಹಿಡಿಯಬೇಕು, ಬಾಡಿಗೆ ಹಂಚಿಕೊಳ್ಳಬೇಕು, ಅಕ್ಕಿ ಬೇಳೆ ಮನೆಯಿಂದ ಒಯ್ಯಬೇಕು, ಮೀನು ಅಲ್ಲೇ ಕೊಳ್ಳಬೇಕು. ಕರಾವಳಿ ಹೋಟೆಲಿನಲ್ಲಿ ಒಂದು ಪ್ಲೇಟ್ ಫ್ರೈಗೆ ಕೊಡುವ ದುಡ್ಡಿಗೆ ಮೀನು ಪೇಟೆಯಲ್ಲಿ ಎಷ್ಟೋ ದಿನ ಮನೆಮಂದಿಗೆಲ್ಲ ಆಗುವಷ್ಟು ಬಂಗುಡೆ ಬರುತ್ತದೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ರೈಲಿದೆ. ಕೆ.ಆರ್. ಪುರದವರಿಗೆ ಆ ನಿಲ್ದಾಣ ಪಕ್ಕದ ಬೀದಿ ಇದ್ದ ಹಾಗೆ. ಅಲ್ಲಿಂದ ಮುಂದೆ ಹೊನ್ನಾವರ, ಕುಮಟಾ ಕಡೆಗೆ ಬಸ್ಸು.

ಇಷ್ಟೆಲ್ಲ ಕೂಡಿಸಿಕೊಂಡು ಕುಮಟಾ–ಗೋಕರ್ಣದ ನಡುವಿನ ಒಂದು ಊರಿಗೆ ಹೋದವರಿಗೆ ಬಾಗಿಲಲ್ಲೇ ಈ ಚೀಟಿ ಸಿಕ್ಕಿತು. ಬುಕ್ ಮಾಡುವಾಗ ಪರದೆಯ ಮೇಲೆ ಇದ್ದದ್ದು 'ಪೂರ್ತಿ ಸಜ್ಜಾದ ಅಡುಗೆಮನೆ' ಎಂಬ ಸಾಲು ಮಾತ್ರ. ಕೇಳಿದಾಗ ಫೋನಿನಲ್ಲಿ ಬಂದ ಉತ್ತರ: ಮ್ಯಾಗಿ ಮಾಡಿಕೊಳ್ಳಿ, ಮೊಟ್ಟೆಯೂ ಬೇಡ, ಮೀನು ತಿನ್ನಬೇಕೆಂದರೆ ಹೊರಗೆ ಹೋಟೆಲಿದೆ. ಮುಂಗಡ ವಾಪಸು ಬರುವುದಿಲ್ಲ. ಆ ಜಾಗದ ಹೆಸರು ಇಲ್ಲಿ ಹೇಳುವುದಿಲ್ಲ, ಯಾಕೆಂದರೆ ಒಂದು ಜಾಗದ ಮೇಲೆ ಹಗೆ ಸಾಧಿಸಲು ನಾವು ಇದನ್ನು ಬರೆಯುತ್ತಿಲ್ಲ. ಆ ಚೀಟಿ ಹುಟ್ಟುವ ಬುದ್ಧಿಯ ವಿರುದ್ಧ ಬರೆಯುತ್ತಿದ್ದೇವೆ.

ಜಾತಿ ಕೇಳುವುದಿಲ್ಲ, ಊಟ ಕೇಳುತ್ತಾರೆ

ಆ ಬುದ್ಧಿ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಕೋಣೆ ಹುಡುಕಿದ ಹಳ್ಳಿಯ ಹುಡುಗ ಹುಡುಗಿಯರಿಗೆಲ್ಲ ಅದು ಗೊತ್ತು. ಇಂದಿರಾನಗರದಲ್ಲಿ ಹುಡುಕಿ, ಕೆ.ಆರ್. ಪುರದಲ್ಲಿ ಹುಡುಕಿ. ಹೆಸರು, ಕೆಲಸ ಕೇಳಿದ ಮೇಲೆ ಮೂರನೇ ಪ್ರಶ್ನೆ: "ವೆಜ್ಜಾ, ನಾನ್‌ವೆಜ್ಜಾ?" ಉತ್ತರ ಕೇಳಿದ ಮೇಲೆ ಆ ಮನೆ ಇದ್ದಕ್ಕಿದ್ದಂತೆ ಬೇರೆಯವರಿಗೆ ಆಗಿಹೋಗಿರುತ್ತದೆ.

ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಏನು ಹೇಳುತ್ತದೆ? ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಊಟದ ಮನೆ, ಮನರಂಜನೆಯ ಜಾಗಗಳಿಂದ ಹೊರಗಿಡುವಂತಿಲ್ಲ. ಆ ಪಟ್ಟಿಯಲ್ಲಿ ಊಟ ಎಂಬ ಪದ ಇಲ್ಲ. ಬಾಗಿಲಲ್ಲಿ ನಿಂತು ಜಾತಿ ಕೇಳಿದರೆ ತಪ್ಪು, ಊಟ ಕೇಳಿದರೆ ತಪ್ಪಲ್ಲ. ಈ ನಾಡಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಗೊತ್ತಾದರೆ ಉಳಿದದ್ದನ್ನು ಊಹಿಸುವುದು ಕಷ್ಟವೇ? ಮುಂಬಾಗಿಲು ಮುಚ್ಚಿದ್ದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದೆ.

ಹಿಂದೆ ಛತ್ರಗಳಿದ್ದವು. ದಾರಿಹೋಕರಿಗೆ ನೆರಳು, ನೀರು, ಒಲೆ ಕೊಟ್ಟ ಪುಣ್ಯಾತ್ಮರು ಅವನ್ನು ಕಟ್ಟಿದರು. ಆದರೆ ಎಷ್ಟೋ ಛತ್ರಗಳಲ್ಲಿ ಒಬ್ಬರಿಗೆ ಒಳಗಿನ ಪಂಕ್ತಿ, ಒಬ್ಬರಿಗೆ ಹೊರಗಿನ ಜಗುಲಿ, ಇನ್ನೊಬ್ಬರಿಗೆ ಜಗುಲಿಯೂ ಇಲ್ಲ. ಅದನ್ನು ಒಡೆಯಲು ಎಷ್ಟು ಜನ ಎಷ್ಟು ವರ್ಷ ಹೋರಾಡಿದರು ಎಂದು ನಿಮ್ಮ ಊರಿನ ಹಿರಿಯರನ್ನು ಕೇಳಿ. ಇವತ್ತಿನ ಬಾಡಿಗೆ ಅಪಾರ್ಟ್‌ಮೆಂಟ್ ಎಂದರೆ ಎ.ಸಿ. ಹಾಕಿದ ಛತ್ರವೇ. ಫೋನಿನಲ್ಲಿ ಬುಕ್ ಆಗುತ್ತದೆ ಎನ್ನುವುದೊಂದು ಬದಲಾವಣೆ. ಪಂಕ್ತಿಭೇದ ಮಾತ್ರ ಹಳೆಯದೇ ಬಂದಿದೆ.

ಇನ್ನು ಸಂಖ್ಯೆ ನೋಡಿ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ 2014ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 79 ಜನ ಮಾಂಸಾಹಾರಿಗಳು. ನೂರರಲ್ಲಿ ಎಪ್ಪತ್ತೊಂಬತ್ತು ಜನರ ಊಟವನ್ನು 'ವಾಸನೆ' ಎಂದು ಕರೆದು, ಉಳಿದವರ ಊಟವನ್ನು 'ಊಟ' ಎಂದು ಕರೆಯುವ ರೂಢಿ ಹೇಗೆ ಬಂತು? ಹಾಗೆ ಕರೆಯುವವರ ಕೈಯಲ್ಲಿ ಮನೆ, ಜಾಗ, ಬಾಡಿಗೆ ಹೆಚ್ಚು ಇವೆ ಎನ್ನುವುದನ್ನು ಬಿಟ್ಟರೆ ನಮಗೆ ಬೇರೆ ಕಾರಣ ಕಾಣುವುದಿಲ್ಲ.

ಬುಟ್ಟಿ ಹೊತ್ತವಳ ಲೆಕ್ಕ

ಈಗ ಬುಟ್ಟಿಯ ಲೆಕ್ಕಕ್ಕೆ ಬರೋಣ.

ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರ್ ಕರಾವಳಿ. ಕಡಲಿಗೆ ಇಳಿಯುವವರು ಹೆಚ್ಚಾಗಿ ಗಂಡಸರು. ದಡಕ್ಕೆ ಬಂದ ಮೀನನ್ನು ದುಡ್ಡಾಗಿ ಮಾಡುವವರು ಹೆಂಗಸರು. ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ, ಮೊಗವೀರ ಮನೆಗಳ ಹೆಂಗಸರು ಬೆಳಿಗ್ಗೆ ಬಂದರಿನಲ್ಲಿ ಹರಾಜು ಕೂಗಿ ಮೀನು ಹಿಡಿಯುತ್ತಾರೆ. ಕೆಲವರು ಪೇಟೆಯಲ್ಲಿ ಕೂರುತ್ತಾರೆ, ಕೆಲವರು ಬುಟ್ಟಿ ಹೊತ್ತು ಮನೆ ಮನೆಗೆ ನಡೆಯುತ್ತಾರೆ. ಮಧ್ಯಾಹ್ನದ ಒಳಗೆ ಬುಟ್ಟಿ ಖಾಲಿಯಾಗಬೇಕು. ಆಗದಿದ್ದರೆ ಬೆಲೆ ಇಳಿಸಬೇಕು, ಅದೂ ಆಗದಿದ್ದರೆ ಉಪ್ಪು ಹಾಕಿ ಒಣಗಿಸಬೇಕು.

ಅವಳ ದಾರಿಯಲ್ಲಿದ್ದ ಮನೆಗಳೇ ಅವಳ ಗಿರಾಕಿಗಳು. ಒಂದು ಮನೆಯವರು ಜಾಗ ಮಾರಿದರು, ಅಲ್ಲಿ ನಾಲ್ಕು ಮಹಡಿಯ ಬಾಡಿಗೆ ಅಪಾರ್ಟ್‌ಮೆಂಟ್ ಎದ್ದಿತು ಎಂದುಕೊಳ್ಳಿ. ಮೊದಲು ಒಂದು ಅಡುಗೆಮನೆ ಇದ್ದ ಕಡೆ ಈಗ ಎಂಟು ಅಡುಗೆಮನೆ. ಲೆಕ್ಕದ ಪ್ರಕಾರ ಅವಳ ವ್ಯಾಪಾರ ಎಂಟು ಪಟ್ಟು ಆಗಬೇಕಿತ್ತು. ಬಂದವರು ಬೆಂಗಳೂರಿನವರು, ಮೀನು ತಿನ್ನಲೆಂದೇ ಬಂದವರು, ಚೌಕಾಸಿ ಮಾಡುವುದೂ ಗೊತ್ತಿಲ್ಲದವರು. ಇಂಥ ಗಿರಾಕಿ ಯಾರಿಗೆ ಬೇಡ? ಆದರೆ ಎಂಟೂ ಫ್ರಿಜ್ಜಿನ ಮೇಲೆ ಚೀಟಿ, ಗೇಟಿನಲ್ಲಿ ವಾಚ್‌ಮನ್. ಅವಳಿಗೆ ಎಂಟು ಮನೆ ಸಿಗಲಿಲ್ಲ, ಇದ್ದ ಒಂದೂ ಹೋಯಿತು. ಕರಾವಳಿಗೆ ಪ್ರವಾಸಿಗರು ಬಂದರೆ ಸ್ಥಳೀಯರಿಗೆ ಅನುಕೂಲ ಎನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೀರಿ? ಯಾವ ಸ್ಥಳೀಯರಿಗೆ ಎಂದು ಮುಂದಿನ ಸಲ ಕೇಳಿ.

ಬರೀ ಮೀನಿನ ಮಾತಲ್ಲ. ಒಂದು ಒಲೆ ಉರಿದರೆ ಎಷ್ಟು ಜನರ ಕೈಗೆ ದುಡ್ಡು ಹೋಗುತ್ತದೆ ನೋಡಿ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುತ್ತಾರೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಆರಿಸುತ್ತಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ಎಂದು ಒಪ್ಪಿಕೊಂಡಿತು. ಅಲ್ಲಿ ಆರಿಸಿದ ಬಳಚಿಗೆ ತೆಂಗಿನಕಾಯಿ ತುರಿ ಹಾಕಿ ಸುಕ್ಕ ಮಾಡಿದರೆ ಅನ್ನಕ್ಕೆ ಬೇರೇನೂ ಬೇಡ. ಬಂಗಡೆ ಸಾರಿಗೆ ಜುಮ್ಮನಕಾಯಿ, ಹುಳಿಗೆ ಮುರುಗಲು ಸಿಪ್ಪೆ, ಮೇಲೆ ತೆಂಗಿನೆಣ್ಣೆ. ಪ್ರತಿಯೊಂದರ ಹಿಂದೆಯೂ ಒಂದು ಮನೆ ಇದೆ. ಮ್ಯಾಗಿ ಪೊಟ್ಟಣದ ಹಿಂದೆ ಅವರಲ್ಲಿ ಯಾರೂ ಇಲ್ಲ.

ಎದುರು ಮಾತುಗಳು

ಇದಕ್ಕೆ ಬರುವ ಉತ್ತರಗಳು ನಮಗೆ ಗೊತ್ತು. ಒಂದೊಂದಾಗಿ ನೋಡೋಣ.

"ನಮ್ಮ ಮನೆ, ನಮ್ಮ ಇಷ್ಟ." ನೀವು ಆ ಮನೆಯಲ್ಲಿ ವಾಸವಾಗಿದ್ದು, ನಿಮ್ಮದೇ ಅಡುಗೆಮನೆಯಲ್ಲಿ ಅತಿಥಿಗೆ ಬಡಿಸುವವರಾದರೆ ನಿಮ್ಮ ಮಾತನ್ನು ಒಪ್ಪುತ್ತೇವೆ. ನಿಮ್ಮ ಒಲೆಯ ಮೇಲೆ ಏನು ಬೇಯಬೇಕು ಎಂದು ಹೇಳಲು ನಾವು ಯಾರು? ಹಾಲಕ್ಕಿಯವರ ಮನೆಯಾಗಲಿ, ಹವ್ಯಕರ ಮನೆಯಾಗಲಿ, ಅಲ್ಲಿನ ಪದ್ಧತಿಗೆ ತಲೆಬಾಗಿ ಊಟ ಮಾಡುವುದೇ ಮರ್ಯಾದೆ. ನಾವು ಹೇಳುತ್ತಿರುವುದು ಮಾಲೀಕರು ವರ್ಷಕ್ಕೊಮ್ಮೆಯೂ ಮಲಗದ, ಬಾಡಿಗೆಗೆಂದೇ ಕಟ್ಟಿದ ಖಾಲಿ ಅಪಾರ್ಟ್‌ಮೆಂಟಿನ ಬಗ್ಗೆ. ಅದು ಅಂಗಡಿ. ಅಂಗಡಿ ತೆರೆದ ಮೇಲೆ ಗಿರಾಕಿಯ ಕುಲ ಗೋತ್ರ ವಿಚಾರಿಸಬಾರದು.

"ವಾಸನೆ ಹೋಗುವುದಿಲ್ಲ." ಇದು ಬೇಯಿಸಿ ಗೊತ್ತಿಲ್ಲದವರ ಮಾತು. ಪೇಟೆಯಲ್ಲೇ ಮೀನು ಮಾರುವವಳು ಮೆಟ್ಟುಗತ್ತಿಯಲ್ಲಿ ಹೆಚ್ಚಿ, ಕಿವಿರು ಕರುಳು ತೆಗೆದು ಕೊಡುತ್ತಾಳೆ. ಕಸ ಅಲ್ಲೇ ಉಳಿಯುತ್ತದೆ. ಉಪ್ಪು, ಅರಿಶಿನ, ಹುಣಸೆ ಹುಳಿ ಹಚ್ಚಿ ತೊಳೆದರೆ ಅರ್ಧ ವಾಸನೆ ಹೋಯಿತು. ಸಾರು ಮಾಡಿದರೆ ಹೊಗೆಯೂ ಏಳುವುದಿಲ್ಲ. ಪಾತ್ರೆಗೆ ಸೀಗೆಪುಡಿಯೋ ನಿಂಬೆಸಿಪ್ಪೆಯೋ ಸಾಕು. ಇನ್ನೂ ಅನುಮಾನವಿದ್ದರೆ ಶುಚಿ ಮಾಡುವ ಕೂಲಿ ಎಂದು ಒಂದಿಷ್ಟು ದುಡ್ಡು ಇಟ್ಟುಕೊಳ್ಳಿ, ನಾವು ಕೊಡುತ್ತೇವೆ. ಈರುಳ್ಳಿ ಬಜ್ಜಿಯ ಕಮಟಿಗೂ ಅದೇ ದರ ಹಾಕಿ.

"ಇದು ಪುಣ್ಯಕ್ಷೇತ್ರ." ಗೋಕರ್ಣದ ರಥಬೀದಿಯಲ್ಲಿ, ದೇವಸ್ಥಾನದ ಸುತ್ತಿನಲ್ಲಿ ಮೀನು ಬೇಡ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ನಾವೂ ಬರುವುದಿಲ್ಲ. ಆದರೆ ಈ ಚೀಟಿ ದೇವಸ್ಥಾನದಿಂದ ಮೈಲುಗಟ್ಟಲೆ ದೂರದ ಕಟ್ಟಡಗಳಲ್ಲೂ ಇದೆ. ನಾವು ಕಂಡ ಆ ಫ್ರಿಜ್ಜಿನಲ್ಲಿ ಹಿಂದಿನ ಅತಿಥಿಗಳು ಬಿಟ್ಟುಹೋದ ಬಿಯರ್ ಬಾಟಲಿ ಇತ್ತು. ಅದರ ಬಗ್ಗೆ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಬಿಯರಿಗೆ ತಣ್ಣನೆಯ ಜಾಗ, ಬಂಗಡೆಗೆ ಗೇಟಿನ ಹೊರಗೆ! ಕ್ಷೇತ್ರದ ಪಕ್ಕದ ತದಡಿಯಲ್ಲೇ ಮೀನುಗಾರಿಕೆ ಬಂದರಿದೆ. ಅಲ್ಲಿನ ಮೀನುಗಾರರೂ ಮಹಾಬಲೇಶ್ವರನಿಗೆ ಕೈಮುಗಿಯುವವರೇ. ದೇವರಿಗಿಲ್ಲದ ತೊಂದರೆ ಬಾಡಿಗೆ ವಸೂಲಿ ಮಾಡುವವರಿಗೆ ಯಾಕೆ?

"ಹೋಟೆಲಿನಲ್ಲಿ ತಿನ್ನಿ." ಹೋಟೆಲಿಗೆ ಹೋಗುವ ಶಕ್ತಿ ಇದ್ದವರು ಹೋಗಲಿ. ಮೂರು ದಿನ, ಹೊತ್ತಿಗೆರಡು ಊಟ, ಎಂಟು ಜನ ಎಂದು ಗುಣಿಸಿ ನೋಡಿ. ಅಡುಗೆಮನೆ ಇದೆ ಎಂದು ಹೆಚ್ಚು ಬಾಡಿಗೆ ತೆಗೆದುಕೊಂಡು, ಆಮೇಲೆ ಹೋಟೆಲಿಗೆ ಹೋಗಿ ಎನ್ನುವುದು ಎತ್ತು ಮಾರಿ ಹಗ್ಗ ವಾಪಸು ಕೇಳಿದ ಹಾಗೆ.

"ಸಸ್ಯಾಹಾರಿ ಅತಿಥಿಗಳು ಏನು ಮಾಡಬೇಕು?" ನಮ್ಮ ಬಳಗದಲ್ಲೇ ಇಬ್ಬರು ಮೀನು ಮುಟ್ಟುವುದಿಲ್ಲ. ನಮ್ಮ ಕೋಣೆಯಲ್ಲಿ ಎರಡು ಒಲೆ, ಎರಡು ಸೌಟು, ಒಂದು ಬಾಣಲೆ ಬೇರೆ. ಅವರು ಹುರುಳಿ ಸಾರು ಕುದಿಸುವಾಗ ಪಕ್ಕದ ಒಲೆಯಲ್ಲಿ ಭೂತಾಯಿ ಪುಳಿಮುಂಚಿ ಕುದಿಯುತ್ತದೆ. ವರ್ಷಗಳಿಂದ ಜಗಳ ಆಗಿಲ್ಲ. ಬಾಡಿಗೆ ಕೊಡುವವರೂ ಹೀಗೇ ಮಾಡಬಹುದು. ಎರಡು ಸೆಟ್ ಪಾತ್ರೆ ಇಡಿ, ಬಣ್ಣ ಬೇರೆ ಮಾಡಿ. ಹತ್ತು ಅಪಾರ್ಟ್‌ಮೆಂಟಿದ್ದರೆ ಎರಡನ್ನು ಸಸ್ಯಾಹಾರಿಗಳಿಗೆಂದು ಇಟ್ಟು, ಅದನ್ನು ಮೊದಲೇ ಹೇಳಿ. ಹತ್ತಕ್ಕೆ ಹತ್ತೂ ಹಾಗೆ ಮಾಡಿದರೆ ಅದು ಅನುಕೂಲಕ್ಕೆ ಮಾಡಿದ್ದಲ್ಲ, ಹೊರಗಿಡಲು ಮಾಡಿದ್ದು.

ತಿನ್ನಲು ಹೋಗುವವರಿಗೂ ಎರಡು ಮಾತು

ಮಾಲೀಕರನ್ನು ಬೈದು ಕೈ ತೊಳೆದುಕೊಂಡರೆ ಆಗುವುದಿಲ್ಲ. ಬೆಂಗಳೂರಿನಿಂದ ಹೋಗುವ ನಮ್ಮಂಥವರ ಕಡೆಯಿಂದಲೂ ಕೆಲಸವಿದೆ. ಅಡುಗೆಗೆ ಅನುಮತಿ ಇದ್ದ ಕಡೆಯೂ ಕೆಲವರು ಆ್ಯಪಿನಲ್ಲಿ ಮೀನು ತರಿಸುತ್ತಾರೆ, ಇಲ್ಲವೇ ಹೆದ್ದಾರಿ ಪಕ್ಕದ ಸೂಪರ್‌ಮಾರ್ಕೆಟ್ಟಿನ ಹೆಪ್ಪುಗಟ್ಟಿದ ಪೊಟ್ಟಣ ತರುತ್ತಾರೆ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಅದು ಸಿ.ಎಂ.ಎಚ್. ರಸ್ತೆಯಲ್ಲೇ ಸಿಗುತ್ತಿತ್ತಲ್ಲ.

ಕಾಲ ತಿಳಿದು ಹೋಗಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು. ಆ ದಿನಗಳಲ್ಲಿ ಹೋಗಿ ಅಂಜಲ್ ಬೇಕೆಂದು ಹಟ ಹಿಡಿದರೆ ಸಿಗುವುದು ಬಹುಪಾಲು ಐಸಿನಲ್ಲಿ ದೂರದಿಂದ ಬಂದದ್ದು. ಬದಲಿಗೆ ನಾಡದೋಣಿಯವರು ತಂದದ್ದನ್ನು, ಹೊಳೆ ಮೀನನ್ನು, ಒಣಮೀನನ್ನು ಕೇಳಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೆಂಗಸರು ಮರಳ ಮೇಲೆ ಒಣಗಿಸಿದ ಮೀನು ಮಳೆಗಾಲದ ಗಂಜಿಗೆ ಜೊತೆ. ಒಣಸಿಗಡಿ ಚಟ್ನಿ ಒಮ್ಮೆ ತಿಂದವರು ಹೆಸರು ಮರೆಯುವುದಿಲ್ಲ.

ಹೆಸರಿಗೂ ಮರ್ಯಾದೆ ಕೊಡಿ. ಉಡುಪಿ ಕಡೆ ಬಂಗುಡೆ ಎಂದರೆ ಕುಮಟಾ ಕಡೆ ಬಂಗಡೆ. ಅಲ್ಲಿ ಅಂಜಲ್ ಎನ್ನುವುದು ಇಲ್ಲಿ ಇಸವಣ. ಅಲ್ಲಿನ ಭೂತಾಯಿ, ಬೈಗೆ ಇಲ್ಲಿ ತಾರ್ಲೆ. ತಪ್ಪು ಹೇಳಿದರೆ ಮೀನು ಮಾರುವ ಅಕ್ಕ ನಗುತ್ತಾಳೆ, ನಕ್ಕು ಹೇಳಿಕೊಡುತ್ತಾಳೆ, ಹೇಗೆ ಬೇಯಿಸಬೇಕೆಂದೂ ಹೇಳುತ್ತಾಳೆ. ಆ ಪಾಠಕ್ಕೆ ಅವಳು ದುಡ್ಡು ಕೇಳುವುದಿಲ್ಲ. ಆದ್ದರಿಂದ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡಬೇಡಿ.

ದುಡ್ಡು ಕಳಿಸುವ ಮೊದಲು ಕೇಳಿ

ಈ ಬರಹವನ್ನು ಫೋನಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಎರಡು ಬಗೆಯವರಿದ್ದೀರಿ ಎಂದು ನಮಗೆ ಗೊತ್ತು. ಪ್ರವಾಸ ಹೋಗುವವರು, ಮತ್ತು ಕರಾವಳಿಯ ಹಳ್ಳಿಯಲ್ಲಿ ಮನೆ ಬಾಡಿಗೆಗೆ ಕೊಡುವವರು.

ಹೋಗುವವರೇ, ಮುಂಗಡ ಕಳಿಸುವ ಮೊದಲು ನಾಲ್ಕು ಮಾತು ಕೇಳಿ. ಅಡುಗೆಮನೆಯಲ್ಲಿ ಮೀನು ಬೇಯಿಸಬಹುದೇ? ಮೀನು ಮಾರುವವರನ್ನು ಗೇಟಿನ ಒಳಗೆ ಬಿಡುತ್ತೀರಾ? ಹತ್ತಿರದ ಮೀನು ಪೇಟೆ ಎಲ್ಲಿದೆ? ನಿಯಮಗಳನ್ನು ಬರೆದು ಕಳಿಸುತ್ತೀರಾ? ಮೊದಲ ಪ್ರಶ್ನೆಗೆ ಇಲ್ಲ ಎಂದರೆ, ಯಾಕೆ ಬರುತ್ತಿಲ್ಲ ಎಂದು ಒಂದು ಸಾಲು ಬರೆದು ಬೇರೆ ಕಡೆ ಹೋಗಿ. ಸುಮ್ಮನೆ ಬಿಟ್ಟು ಹೋದರೆ ಅವರಿಗೆ ಕಾರಣ ಗೊತ್ತಾಗುವುದಿಲ್ಲ.

ಬಾಡಿಗೆಗೆ ಕೊಡುವವರೇ, ನಿಮ್ಮಲ್ಲಿ ಎಷ್ಟೋ ಜನ ಸ್ವತಃ ಮೀನು ತಿನ್ನುವವರು. ದೊಡ್ಡ ಊರಿನ ಗಿರಾಕಿ ಏನೆಂದುಕೊಳ್ಳುತ್ತಾನೋ ಎಂಬ ಅಂಜಿಕೆಯಿಂದ ಪಕ್ಕದವರ ಚೀಟಿಯನ್ನೇ ನಕಲು ಮಾಡಿ ಅಂಟಿಸಿದ್ದೀರಿ. ಅದನ್ನು ಕಿತ್ತು, 'ಇಲ್ಲಿ ಮೀನು ಬೇಯಿಸಬಹುದು' ಎಂದು ಬರೆದು ಹಾಕಿ. ಕೆಳಗೆ ನಿಮ್ಮೂರಿನ ಮೀನು ಮಾರುವ ಅಕ್ಕ ಎಷ್ಟು ಗಂಟೆಗೆ ಬರುತ್ತಾಳೆ ಎಂದೂ ಬರೆಯಿರಿ. ಕೆ.ಆರ್. ಪುರ, ಹಲಸೂರು, ಶಿವಾಜಿನಗರದ ಕೋಣೆಗಳಲ್ಲಿ ಅಂಥ ಮನೆ ಹುಡುಕುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಅಕ್ಕಿ ನಾವೇ ತರುತ್ತೇವೆ.